ಹೊರ ಲೈನಿನ ಎರಡು ನಿಮಿಷ

ಊರಿನ ಹೊರಗೆ, ಸಣ್ಣ ದಿಬ್ಬದ ಮೇಲೆ, ನೀರು ಸೋಸಿ ಊರಿಗೆ ಬಿಡುವ ಕಟ್ಟಡವಿತ್ತು. ಎಲ್ಲರ ಬಾಯಲ್ಲಿ ಅದು ನೀರಿನ ಮನೆ. ಅಲ್ಲಿ ಹಗಲು ಪಾಳಿಯ ಆಪರೇಟರ್ ಆಗಿದ್ದವನಿಗೆ ತಂತಿ ಸಾಹೇಬ ಎಂದು ಹೆಸರು. ಸಾಹೇಬಗಿರಿ ಮಾಡಲು ಅವನ ಕೈಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದದ್ದು ಒಂದು ಹಳೆಯ ಕಂಪ್ಯೂಟರ್, ಅದರ ಹಿಂದೆ ಜೋತುಬಿದ್ದ ಎರಡು ತಂತಿ. ಅಷ್ಟಕ್ಕೇ ಆ ಪದವಿ.

ಆ ಕಂಪ್ಯೂಟರಿನ ಕಥೆ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಅದಕ್ಕೆ ತಂತಿ ಸಿಕ್ಕಿಸುವ ಕಿಂಡಿ ಒಂದೇ. ಲೈನು ಮಾತ್ರ ಎರಡು. ಬೂದು ತಂತಿ ಒಳ ಲೈನಿನದು. ಯಾವ ಟ್ಯಾಂಕಿನಲ್ಲಿ ನೀರೆಷ್ಟಿದೆ, ಯಾವ ವಾಲ್ವ್ ತೆರೆದಿದೆ, ಯಾವ ಪಂಪು ಓಡುತ್ತಿದೆ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ನೀಲಿ ತಂತಿ ಹೊರ ಲೈನಿನದು, ಅಂದರೆ ಇಂಟರ್ನೆಟ್. ದಿನಕ್ಕೆ ಎರಡು ಸಲ ಮುಖ್ಯ ಕಚೇರಿಯ ವೆಬ್‌ಸೈಟಿನಲ್ಲಿ ವರದಿ ತುಂಬಬೇಕಲ್ಲ, ಅದಕ್ಕೆ. ಎರಡೂ ಲೈನು ಒಟ್ಟಿಗೆ ಇರಕೂಡದೆಂದು ಮೇಲಿನವರ ಕಟ್ಟಪ್ಪಣೆ. ಹೊರಗಿನ ಯಾವನೋ ಕಿಡಿಗೇಡಿ ಎಲ್ಲೋ ಕೂತು ಊರಿನ ವಾಲ್ವಿಗೆ ಕೈ ಹಾಕಿದರೆ ಗತಿಯೇನು?

ಆದ್ದರಿಂದ ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ತಂತಿ ಸಾಹೇಬ ಮೇಜಿನ ಕೆಳಗೆ ತಲೆ ತೂರಿಸಿ ಬೂದು ತಂತಿ ಕಿತ್ತು, ನೀಲಿ ಸಿಕ್ಕಿಸಿ, ಸೊಂಟ ಹಿಡಿದುಕೊಂಡು ಎದ್ದು ಕೂತು, ಪರದೆಯಲ್ಲಿ ಆ ಲೈನಿನ ವಿಳಾಸದ ನಾಲ್ಕು ಸಾಲು ಅಂಕಿ ಅಳಿಸಿ ಈ ಲೈನಿನ ನಾಲ್ಕು ಸಾಲು ಅಂಕಿ ಒತ್ತಬೇಕು. ಕಂಪ್ಯೂಟರು ಸ್ವಲ್ಪ ಹೊತ್ತು ಗೊಣಗಿ ಒಪ್ಪಿಕೊಳ್ಳುತ್ತಿತ್ತು. ವರದಿ ತುಂಬಿದ ಮೇಲೆ ಮತ್ತೆ ತಲೆ ಕೆಳಗೆ, ಮತ್ತೆ ಬೂದು, ಮತ್ತೆ ಅಂಕಿ. ಅಂಕಿಗಳನ್ನು ಬರೆದ ಚೀಟಿ ಗೋಡೆಗೆ ಅಂಟಿಸಿತ್ತು. ಅವನು ಅದರತ್ತ ಕಣ್ಣೆತ್ತಿ ನೋಡಿ ವರ್ಷಗಳೇ ಆಗಿದ್ದವು. ರಾತ್ರಿ ಪಾಳಿಯವನಂತೂ ಈ ತಾಪತ್ರಯವೇ ಬೇಡವೆಂದು ನೀಲಿ ತಂತಿಯ ತಂಟೆಗೆ ಹೋಗುತ್ತಿರಲಿಲ್ಲ.

ಹೊರ ಲೈನಿನಲ್ಲಿ ಇನ್ನೊಂದು ಅಪಾಯವಿತ್ತು. ಬೂದು ತಂತಿ ಕಿತ್ತ ಗಳಿಗೆಯಲ್ಲಿ ಟ್ಯಾಂಕಿನ ಅಂಕಿಗಳು ಎಷ್ಟಿದ್ದವೋ ಅಷ್ಟಕ್ಕೇ ಪರದೆಯ ಮೇಲೆ ನಿಂತುಬಿಡುತ್ತಿದ್ದವು. ಅಲ್ಲಿ ಟ್ಯಾಂಕು ತುಂಬಿ ಹರಿಯುತ್ತಿದ್ದರೂ ಇಲ್ಲಿ ಎಲ್ಲ ನೆಟ್ಟಗಿರುವಂತೆ ಕಾಣುತ್ತಿತ್ತು. ಹಿಂದೊಮ್ಮೆ ಬೇರೆಯವರ ಪಾಳಿಯಲ್ಲಿ ಹೀಗೇ ಆಗಿ, ಕೆಳಗಿನ ಬೀದಿಯ ಮನೆಗಳಿಗೆ ನೀರು ನುಗ್ಗಿತ್ತು. ಅಂದಿನಿಂದ ತಂತಿ ಸಾಹೇಬನಿಗೆ ಹೊರ ಲೈನೆಂದರೆ ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋದ ಹಾಗೆ. ವರದಿ ತುಂಬುತ್ತಲೇ ನಡುನಡುವೆ ಎದ್ದು ಕಿಟಕಿಗೆ ಹೋಗಿ, ಎದುರಿನ ಟ್ಯಾಂಕಿನ ಗೋಡೆಯ ಮೇಲಿನ ಕೆಂಪು ಮುಳ್ಳು ಎಲ್ಲಿದೆ ಎಂದು ಕಣ್ಣಾರೆ ನೋಡಿ ಬರುತ್ತಿದ್ದ. ಇಷ್ಟು ಭಯಭಕ್ತಿಯ ಮನುಷ್ಯನನ್ನು ಗೇಲಿ ಮಾಡದೆ ಬಿಟ್ಟಾರೆಯೇ? ಪಂಪ್ ಕೋಣೆಯವರು ಮೆಟ್ಟಿಲ ಕೆಳಗಿಂದಲೇ ಕೂಗುತ್ತಿದ್ದರು: "ಸಾಹೇಬ್ರು ಈಗ ಒಳಗಿದ್ದಾರೋ ಹೊರಗಿದ್ದಾರೋ?"

ಅವನು ನಗುತ್ತಿದ್ದ. ನಕ್ಕು ಸುಮ್ಮನಾಗುತ್ತಿದ್ದ. ಈ ನಾಲ್ಕು ವರ್ಷಗಳಲ್ಲಿ ಅವನು ಆಡಿದ ಮಾತುಗಳನ್ನು ಒಂದು ಚೀಲಕ್ಕೆ ತುಂಬಿದ್ದರೆ ಚೀಲದ ಬುಡವೂ ಮುಚ್ಚುತ್ತಿರಲಿಲ್ಲ. ಮೊದಲು ಹಾಗಿರಲಿಲ್ಲ. ಮೊದಲು ಅವನ ನಾಲಿಗೆಗೆ ಲಂಗುಲಗಾಮು ಇರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಆ ನಾಲಿಗೆಯಿಂದಲೇ ಅವನು ತನ್ನ ಮನೆಯನ್ನು ಕಳೆದುಕೊಂಡದ್ದು.

ಮನೆ ಎಂದರೆ ತಂಗಿ. ಮದುವೆ ಗಿದುವೆ ಅವನಿಗೆ ಕೂಡಿಬರಲಿಲ್ಲ, ಅವನೂ ಅದರ ಹಿಂದೆ ಬೀಳಲಿಲ್ಲ. ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ ತಂಗಿ, ಅವಳ ಗಂಡ, ಅವರ ಜೊತೆ ಅಮ್ಮ. ತಂಗಿ ಒಂದು ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಾಗ ಲೈಬ್ರರಿಗೆ ಅರ್ಧ ದಿನ, ಅಮ್ಮನಿಗೆ ಉಳಿದ ದಿನ ಮತ್ತು ಪೂರ್ತಿ ರಾತ್ರಿ ಎಂದು ಹನ್ನೊಂದು ತಿಂಗಳು ದುಡಿದಳು. ಬೆನ್ನು ಹುಣ್ಣಾಗದಿರಲಿ ಎಂದು ಎರಡೆರಡು ಗಂಟೆಗೊಮ್ಮೆ ಎದ್ದು ಅಮ್ಮನ ಮಗ್ಗುಲು ಬದಲಾಯಿಸುತ್ತಿದ್ದಳು. ಆದರೂ ಹುಣ್ಣಾಯಿತು. ಆ ಹನ್ನೊಂದು ತಿಂಗಳಲ್ಲಿ ಅಣ್ಣ ಬಂದದ್ದು ಮೂರು ಸಲ. ನಾಲ್ಕನೆಯ ಸಲ ಬಂದಾಗ ಅಮ್ಮ ಇರಲಿಲ್ಲ.

ಸಂಕಟಕ್ಕೋ, ಸರಿಯಾಗಿ ಬಂದು ನೋಡದೇ ಇದ್ದ ನಾಚಿಕೆಗೋ, ಅವನ ಸಿಟ್ಟು ನೆತ್ತಿಗೇರಿತ್ತು. ಆಸ್ಪತ್ರೆಯ ಕಾಗದದಲ್ಲಿ ಹುಣ್ಣಿನ ವಿಷಯ ಓದಿದ. ನೋಡಲು ಬಂದ ನಾಲ್ಕು ಜನ ಕೂತಿದ್ದ ಕೋಣೆಯಲ್ಲಿ ಎದ್ದು ನಿಂತು ಅಂದ:

"ನೀನು ನೋಡ್ಕೊಂಡ ಚೆಂದಕ್ಕೇ ಅಮ್ಮ ಇಷ್ಟು ಬೇಗ ಹೋಗಿದ್ದು."

ತಂಗಿ ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮರುದಿನ ಅವನು ಹೊರಟು ನಿಂತಾಗ ಬಾಗಿಲ ತನಕ ಬಂದಳು.

"ಅಣ್ಣ, ಇನ್ಮೇಲೆ ನಂಗೆ ಫೋನ್ ಮಾಡ್ಬೇಡ. ಮನೆಗೂ ಬರ್ಬೇಡ. ನಿನ್ನ ಬಾಯಿ ಒಳ್ಳೇದಲ್ಲ. ಹೇಳೋದೇನಾದ್ರೂ ಇದ್ರೆ ಬರೆದು ಕಳ್ಸು. ಬರೆಯೋವಾಗ್ಲಾದ್ರೂ ಸ್ವಲ್ಪ ಯೋಚನೆ ಮಾಡ್ತೀಯ. ಓದ್ಬೇಕು ಅನ್ಸಿದ್ರೆ ಓದ್ತೀನಿ, ಉತ್ತರ ಕೊಡ್ಬೇಕು ಅನ್ಸಿದ್ರೆ ಕೊಡ್ತೀನಿ."

ಲೈಬ್ರರಿಯ ಒಂದು ಚೀಟಿಯಲ್ಲಿ ತನ್ನ ಮೇಲ್ ವಿಳಾಸ ಬರೆದು ಅವನ ಅಂಗಿ ಜೇಬಿಗೆ ತುರುಕಿದಳು. ಅಷ್ಟಾದರೂ ಮಾಡಿದಳಲ್ಲ. ಬಾಗಿಲನ್ನು ಪೂರ್ತಿ ಹಾಕದೆ ಒಂದು ಸೀಳು ಬಿಟ್ಟಿದ್ದಾಳೆ ಎಂದು ಬಸ್ಸಿನಲ್ಲಿ ಆರು ಗಂಟೆಯೂ ಅವನು ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡ.

ಅವನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆ ಫೋನು, ಮಾತಿಗಷ್ಟೇ ಆಗುವಂಥದು. ಆಗಿನ್ನೂ ನಿವೃತ್ತಿಗೆ ಒಂದು ವಾರ ಉಳಿದಿದ್ದ ಹಿರಿಯ ಆಪರೇಟರನ್ನು ಕಾಡಿ ಬೇಡಿ, ಕಚೇರಿಯ ಕಂಪ್ಯೂಟರಿನಲ್ಲೇ ತನಗೊಂದು ಮೇಲ್ ವಿಳಾಸ ಮಾಡಿಸಿಕೊಂಡ. ಹೊರ ಲೈನು ಹಾಕಿ, ಮೇಲ್ ತೆರೆದು, ಹಿರಿಯ ಎಲ್ಲ ಜೋಡಿಸಿಕೊಟ್ಟ. ಆ ಕೂಡಲೇ ಮೇಲ್ ಕಂಪನಿಯವರ ಸ್ವಾಗತ ಪತ್ರ ಬಂದು ಬಿತ್ತು.

"ನೋಡು, ಸರಿಯಾಗಿದೆ," ಅಂದ ಹಿರಿಯ. "ಮೊದ್ಲು ಲೈನು, ಆಮೇಲೆ ಮೇಲು. ಅಷ್ಟು ನೆನಪಿಟ್ಕೋ."

ನೆನಪೇನೋ ಇಟ್ಟುಕೊಂಡ. ಆದರೆ ಅವನ ಪ್ರಾಮಾಣಿಕತೆ ಇತ್ತಲ್ಲ, ಅದು ಒಂದು ಪೀಡೆ. ಇಲಾಖೆಯ ಲೈನು, ಊರಿನವರ ನೀರು, ನಾನು ನನ್ನ ತಂಗಿಗೆ ಪತ್ರ ಬರೆಯುತ್ತ ಅರ್ಧ ಗಂಟೆ ಹೊರ ಲೈನಿನಲ್ಲಿ ಕೂತರೆ ಟ್ಯಾಂಕು ನೋಡುವವರು ಯಾರು? ಬೇರೆ ಯಾರಾದರೂ ಆಗಿದ್ದರೆ ಕ್ಯಾರೇ ಅನ್ನುತ್ತಿರಲಿಲ್ಲ. ಇವನು ಯೋಚಿಸಿ ಯೋಚಿಸಿ ತನ್ನದೇ ಒಂದು ಕ್ರಮ ಮಾಡಿಕೊಂಡ. ಶನಿವಾರ ಮಧ್ಯಾಹ್ನದ ವರದಿ ಮುಗಿಸಿ ಒಳ ಲೈನಿಗೆ ಬಂದ ಮೇಲೆ ಮೇಲ್ ತೆರೆಯುವುದು. ಒಂದು ಕಣ್ಣು ಟ್ಯಾಂಕಿನ ಅಂಕಿಯ ಮೇಲಿಟ್ಟೇ ನಿಧಾನವಾಗಿ ಪತ್ರ ಬರೆಯುವುದು. ಕಳಿಸುವ ಗುಂಡಿ ಒತ್ತುವುದು. ಪತ್ರ ಪರದೆಯಿಂದ ಮಾಯವಾದ ಮೇಲೆ ತಂತಿ ಬದಲಿಸಿ ಹೊರ ಲೈನಿಗೆ ಎರಡೇ ಎರಡು ನಿಮಿಷ ಹೋಗಿಬರುವುದು. ಆ ಎರಡು ನಿಮಿಷ ಮೇಜಿನ ಕೆಳಗೆ ಬಗ್ಗಿ, ಕಿಂಡಿಯ ಪಕ್ಕದ ಹಸಿರು ದೀಪ ಮಿಣುಕುವುದನ್ನು ನೋಡುತ್ತಿದ್ದ. ಉದ್ದದ ಪತ್ರ ಬರೆದ ದಿನ ದೀಪ ಹೆಚ್ಚು ಹೊತ್ತು ಮಿಣುಕಿದಂತೆ ಕಾಣುತ್ತಿತ್ತು. ಹೋಗ್ತಾ ಇದೆ, ಹೋಗ್ತಾ ಇದೆ ಅಂದುಕೊಳ್ಳುತ್ತಿದ್ದ.

ಹೀಗೆ ಹತ್ತಿರ ಹತ್ತಿರ ನಾಲ್ಕು ವರ್ಷ.

ತಂಗಿಯಿಂದ ಒಂದಕ್ಷರ ಬರಲಿಲ್ಲ. ಬರುವ ಪತ್ರಗಳ ಜಾಗದಲ್ಲಿ ಆ ಸ್ವಾಗತ ಪತ್ರವೊಂದೇ ಬಿದ್ದಿತ್ತು. ಮೊದಮೊದಲು ಶನಿವಾರ ಬರುವುದನ್ನೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಆಮೇಲೆ ಕಾಯುವುದು ರೂಢಿಯಾಯಿತು. ರೂಢಿಯಾದದ್ದು ನೋಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೀಗದ ಕೈ ಮಾಡಿಕೊಡುವವನ ಅಂಗಡಿಯ ಮೇಲೆ ಅವನದೊಂದು ಬಾಡಿಗೆ ಕೋಣೆ. ಎರಡು ತಟ್ಟೆ ಇದ್ದವು, ತೊಳೆಯುವುದು ಒಂದೇ. ಭಾನುವಾರ ದಿನವಿಡೀ ಕೆಳಗಿನಿಂದ ಕಬ್ಬಿಣ ಉಜ್ಜುವ ಸದ್ದು. ಆ ಸದ್ದು ನಿಂತರೆ ಅವನಿಗೆ ಇನ್ನಷ್ಟು ಬೇಸರ. ಸೋಮವಾರ ಬೆಳಿಗ್ಗೆ ಬಸ್ ಕಂಡಕ್ಟರಿಗೆ ಇಳಿಯುವ ಜಾಗದ ಹೆಸರು ಹೇಳುವಾಗ ತನ್ನ ದನಿಯೇ ಅಪರಿಚಿತವಾಗಿ ಕೇಳುತ್ತಿತ್ತು. ಅವನಿಗೆ ಮಾತಾಡಲು ಇದ್ದ ಒಂದೇ ಜಾಗ ಆ ಶನಿವಾರದ ಪತ್ರ. ಉತ್ತರ ಬರದಿದ್ದರೂ ಓದುವವಳೊಬ್ಬಳು ಇದ್ದಾಳಲ್ಲ ಅನ್ನುವುದೇ ಅವನ ಊರುಗೋಲು.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಹೊಸ ಕಂಪ್ಯೂಟರ್ ಬಂತು. ತಂದವಳು ಮುಖ್ಯ ಕಚೇರಿಯ ರಿಪೇರಿ ಮೇಡಂ. ನಲವತ್ತರ ಹೆಂಗಸು, ಹೆಗಲಿಗೆ ಸ್ಕ್ರೂಡ್ರೈವರುಗಳ ಚೀಲ, ಮಾತು ಅರಳು ಹುರಿದ ಹಾಗೆ. ಹೊಸದಕ್ಕೆ ಕಿಂಡಿ ಎರಡು, ನಡುವೆ ಕಾವಲಿಗೊಂದು ಪೆಟ್ಟಿಗೆ. ಇನ್ನು ತಂತಿ ಕೀಳುವ ಗೋಜೇ ಇಲ್ಲ.

"ನಿಮ್ಮ ಸಾಹೇಬಗಿರಿಗೆ ಇವತ್ತು ಕೊನೇ ದಿನ ಸರ್," ಎಂದು ನಕ್ಕಳು. ಹಳೆಯದರಲ್ಲಿ ಇರುವುದನ್ನೆಲ್ಲ ಹೊಸದಕ್ಕೆ ದಾಟಿಸಬೇಕೆಂದು ಪರದೆಯ ಮುಂದೆ ಕೂತು ಒಂದೊಂದೇ ತೆರೆದು ನೋಡತೊಡಗಿದಳು. ಮೇಲ್ ತೆರೆದವಳು ಎಡಗಡೆ ಮುಚ್ಚಿದ್ದ ಪಟ್ಟಿಯೊಂದನ್ನು ಎಳೆದು ಬಿಚ್ಚಿದಳು. ಅವನು ಆ ಪಟ್ಟಿಯನ್ನು ಎಂದೂ ನೋಡಿದವನಲ್ಲ. ಪರದೆ ಚಿಕ್ಕದು, ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಹಿರಿಯನೇ ಅದನ್ನು ಮುಚ್ಚಿಟ್ಟು ಹೋಗಿದ್ದ.

"ಸರ್, ಇದೇನಿದು? ಇಲ್ಲಿ ನೂರ ತೊಂಬತ್ತೊಂದು ಪತ್ರ ಹೋಗದೆ ಕೂತಿವೆ!"

"ಹೋಗದೆ ಅಂದ್ರೆ?"

"ಹೋಗದೆ ಅಂದ್ರೆ ಹೋಗದೆ. ನೀವು ಕಳ್ಸು ಅಂದಿದ್ದೀರ. ಇದು ಬಾಗಿಲಲ್ಲೇ ಇಟ್ಕೊಂಡು ಕೂತಿದೆ. ಅದು ಸರಿ, ನೀವು ಮೇಲ್ ತೆರೆಯೋವಾಗ ಯಾವ ಲೈನಲ್ಲಿ ಇರ್ತಿದ್ರಿ?"

"ಒಳ ಲೈನಲ್ಲಿ. ಬರೆದು, ಕಳ್ಸಿ, ಆಮೇಲೆ ಹೊರ ಲೈನ್ ಹಾಕ್ತಿದ್ದೆ."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಸರ್! ಇದು ಹಳೇ ಮೇಲು. ತೆರೆದಾಗ ಯಾವ ಲೈನ್ ಇರುತ್ತೋ ಅದನ್ನೇ ಗಟ್ಟಿಯಾಗಿ ಹಿಡ್ಕೊಂಡು ಬಿಡುತ್ತೆ. ಆಮೇಲೆ ನೀವು ತಂತಿ ಬದಲಾಯಿಸಿದ್ರೂ ಅದಕ್ಕೆ ಗೊತ್ತಾಗಲ್ಲ. ಒಳ ಲೈನಲ್ಲಿ ಹೊರಗೆ ಹೋಗೋ ದಾರಿ ಎಲ್ಲಿದೆ? ಪಾಪ, ಪ್ರತಿ ಸಲ ಹುಡುಕಿ ಹುಡುಕಿ ಸುಮ್ನಾಗಿದೆ."

"ದೀಪ ಮಿಣುಕ್ತಿತ್ತು ಮೇಡಂ."

"ಲೈನ್ ಹಾಕಿದ್ರೆ ದೀಪ ಮಿಣುಕುತ್ತೆ ಸರ್. ಪತ್ರ ಹೋದ್ರೂ ಮಿಣುಕುತ್ತೆ, ಹೋಗ್ದಿದ್ರೂ ಮಿಣುಕುತ್ತೆ."

"ಹಾಗಾದ್ರೆ ಒಂದೂ ಹೋಗಿಲ್ವಾ?"

"ಒಂದೂ ಹೋಗಿಲ್ಲ. ಯಾರಿಗೆ ಸರ್ ಇಷ್ಟೊಂದು?"

"ತಂಗಿಗೆ," ಅಂದ. ಅವನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು.

ನಾಲ್ಕು ವರ್ಷ. ತಂಗಿ ಓದುತ್ತಿಲ್ಲ, ಓದಿದರೂ ಕಲ್ಲಾಗಿದ್ದಾಳೆ ಎಂದು ಅವನು ಅಂದುಕೊಂಡಿದ್ದ. ಅಲ್ಲಿ ಅವಳ ಲೆಕ್ಕದಲ್ಲಿ ಅಣ್ಣ ಆ ಮಾತು ಆಡಿ ಬಸ್ಸು ಹತ್ತಿ ಹೋದವನು, ಹೋದವನು ಹೋದವನೇ. ಬಿಟ್ಟ ಸೀಳಿನಿಂದ ಒಂದು ಸಲವೂ ಇಣುಕಿರಲಿಲ್ಲ. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

"ಅದಕ್ಕೇನಂತೆ, ಈಗ ಕಳ್ಸಿಬಿಡೋಣ," ಎಂದು ಮೇಡಂ ಸಮಾಧಾನ ಮಾಡಿದಳು. "ಮೇಲ್ ಮುಚ್ಚಿ, ನೀಲಿ ತಂತಿ ಹಾಕಿ, ಮತ್ತೆ ತೆರೆದ್ರೆ ಸಾಕು. ಎಲ್ಲಾ ಒಂದೇ ಏಟಿಗೆ ಹೋಗುತ್ತೆ." ಅಂದವಳೇ ಮೇಜಿನ ಕೆಳಗೆ ಬಗ್ಗಿ ಬೂದು ತಂತಿಗೆ ಕೈ ಹಾಕಿದಳು.

"ಬೇಡ!"

ಆ ಕೂಗಿಗೆ ಕೆಳಗಿನ ಪಂಪ್ ಕೋಣೆಯಿಂದ ಒಬ್ಬ ಮೆಟ್ಟಿಲ ತನಕ ಬಂದು ಇಣುಕಿ ಹೋದ. ತಂತಿ ಸಾಹೇಬ ದನಿ ತಗ್ಗಿಸಿ, "ಒಂದ್ಸಲ ಓದ್ಕೋತೀನಿ ಮೇಡಂ, ಸ್ವಲ್ಪ ಟೈಮ್ ಕೊಡಿ," ಅಂದ. ಅವನಿಗೆ ಒಂದು ಪತ್ರ ನೆನಪಾಗಿತ್ತು.

ಅವಳು ಗಡಿಯಾರ ನೋಡಿದಳು. "ಪಂಪ್ ಕೋಣೆಯ ಯಂತ್ರಾನೂ ನೋಡೋದಿದೆ. ಎರಡೂವರೆಗೆ ಬರ್ತೀನಿ, ಆಗ ಇದನ್ನ ಬಿಚ್ಚಿ ತಗೊಂಡು ಹೋಗ್ಲೇಬೇಕು. ಅಲ್ಲೀವರೆಗೆ ನಿಮ್ದು."

ಅವನು ಕೂತು ಓದಿದ. ಮೊದಲನೆಯ ಪತ್ರ ಚಿಕ್ಕದಿತ್ತು.

"ತಂಗಿ, ಹೋದ ವಾರ ನಾನು ಆಡಿದ ಮಾತು ತಪ್ಪು. ಅಮ್ಮನನ್ನು ನೋಡಿಕೊಂಡವಳು ನೀನು, ನಾನು ನೆಂಟನ ಹಾಗೆ ಬಂದು ಹೋದವನು. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಕೇಳುತ್ತಿದ್ದೇನೆ."

ಎರಡನೆಯದು ಅದಕ್ಕಿಂತ ಉದ್ದ. ತನಗೆ ರಜೆ ಸಿಗುವುದು ಎಷ್ಟು ಕಷ್ಟ ಎಂದು ಅದರಲ್ಲಿ ಒಂದು ಪುಟ. ಐದನೆಯದರಲ್ಲಿ ಆ ಹೊತ್ತಿಗೆ ತನ್ನ ಮನಸ್ಸು ಎಷ್ಟು ಕೆಟ್ಟಿತ್ತು ಎಂಬ ವಿವರಣೆ. ಹನ್ನೆರಡನೆಯದರ ಹೊತ್ತಿಗೆ ನೀನೂ ಸ್ವಲ್ಪ ಅರ್ಥ ಮಾಡಿಕೊಳ್ಳಬಹುದಿತ್ತು ಎಂದು ಶುರುವಾಗಿತ್ತು. ಓದುತ್ತ ಓದುತ್ತ ಅವನ ಕಿವಿ ಬಿಸಿಯಾಯಿತು. ಬರೆಯುವಾಗ ಇದೆಲ್ಲ ಎಷ್ಟು ನ್ಯಾಯವಾಗಿ ಕಂಡಿತ್ತು! ಕ್ಷಮೆ ಕೇಳಲು ಹೊರಟವನು ಪತ್ರದಿಂದ ಪತ್ರಕ್ಕೆ ವಕೀಲನಾಗುತ್ತ ಹೋಗಿದ್ದ.

ನಲವತ್ತಮೂರನೆಯದೇ ಆ ಪತ್ರ. ಉತ್ತರ ಕಾಣದೆ ಹತ್ತು ತಿಂಗಳು ಕಳೆದ ಮೇಲೆ, ಜ್ವರ ಬಂದು ಎರಡು ದಿನ ಒಬ್ಬನೇ ಬಿದ್ದುಕೊಂಡು ಎದ್ದ ವಾರದಲ್ಲಿ ಬರೆದದ್ದು. "ನಿನ್ನ ಈ ಕಲ್ಲು ಮನಸ್ಸು ನೋಡಿದರೆ ಅಮ್ಮನನ್ನು ಹೇಗೆ ನೋಡಿಕೊಂಡಿರುತ್ತೀಯ ಅಂತ ನನಗೆ ಅರ್ಥವಾಗುತ್ತದೆ."

ಅದೇ ಮಾತು. ಎರಡನೆಯ ಸಲ, ಯೋಚನೆ ಮಾಡಿ, ಬರೆದು. ಅವತ್ತು ಕಳಿಸಿದ ಮೇಲೆ ಊಟ ಸೇರದೆ ಮುಂದಿನ ಆರು ಶನಿವಾರ ಆರು ಕ್ಷಮೆ ಪತ್ರ ಬರೆದಿದ್ದ. ಮೂರು ವರ್ಷದಿಂದ ಆ ಒಂದು ಸಾಲು ತಂಗಿಯ ಕಣ್ಣಿಗೆ ಬಿದ್ದಿದೆ ಎಂದೇ ನಂಬಿ ಬದುಕಿದ್ದ. ಬಿದ್ದಿರಲಿಲ್ಲ. ಅದು ಇಲ್ಲೇ, ಈ ಡಬ್ಬದೊಳಗೇ ಕೂತಿತ್ತು. ಅದು ಹೊಳೆದಾಗ ಅವನು ಕನ್ನಡಕ ತೆಗೆದಿಟ್ಟು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾಲ್ಕು ವರ್ಷದಲ್ಲಿ ಅವನಿಗೆ ಸಿಕ್ಕ ಒಂದೇ ಒಂದು ಒಳ್ಳೆಯ ಸುದ್ದಿ ಅದು.

ಉಳಿದವೆಲ್ಲ ದಿನದಿನದ ಹರಟೆ. ಸೋಸುವ ತೊಟ್ಟಿಗೆ ಎಲೆ ಬಿದ್ದದ್ದು, ಬೆಕ್ಕೊಂದು ಬಿಸಿ ಪರದೆಯ ಮೇಲೆ ಮಲಗಲು ಬಂದು ಜಾರಿದ್ದು, ಕನ್ನಡಕದ ನಂಬರು ಬದಲಾದದ್ದು, ಹಲ್ಲು ಕೀಳಿಸಿದ್ದು. ಹೇಗಿದ್ದೀಯ ಎಂದು ತಂಗಿಯನ್ನು ಕೇಳಿದ ಪತ್ರ ಹುಡುಕಿದರೆ ಅಲ್ಲೊಂದು ಇಲ್ಲೊಂದು.

ಎರಡು ಗಂಟೆಗೆ ವರದಿಯ ಸಮಯ. ತಂತಿ ಬದಲಿಸಬೇಕು. ಮೇಲ್ ಮುಚ್ಚಿದ್ದರಿಂದ ಪತ್ರಗಳು ಹೊರಬೀಳುವ ಭಯವಿರಲಿಲ್ಲ. ಆದರೂ ಮೇಲ್ ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿಯೇ ನೀಲಿ ತಂತಿ ಸಿಕ್ಕಿಸಿದ. ವರದಿ ತುಂಬಿ ಮತ್ತೆ ಒಳ ಲೈನಿಗೆ ಬಂದು ಕೂತು ಯೋಚಿಸಿದ.

ಆ ಒಂದು ಕೆಟ್ಟ ಪತ್ರ ತೆಗೆದು ಮಿಕ್ಕವನ್ನು ಕಳಿಸಬಹುದು. ಕಳಿಸಿದರೆ ತಂಗಿಗೆ ಗೊತ್ತಾಗುತ್ತದೆ, ಅಣ್ಣ ಮರೆತಿರಲಿಲ್ಲ, ಒಂದು ವಾರವೂ ಬಿಡದೆ ಬರೆದಿದ್ದ ಎಂದು. ಅವನ ಪರವಾಗಿ ನೂರ ತೊಂಬತ್ತು ಸಾಕ್ಷಿ. ಆಸೆ ತಡೆಯದೆ ಕೈ ನೀಲಿ ತಂತಿಯ ಕಡೆಗೆ ಹೋಯಿತು. ಆಮೇಲೆ ಅವಳು ಲೈಬ್ರರಿಯ ಮೇಜಿನ ಮುಂದೆ ಕೂತು ಅವನ್ನು ಒಂದೊಂದೇ ತೆರೆಯುವುದನ್ನು ಮನಸ್ಸಿನಲ್ಲೇ ನೋಡಿದ. ರಜೆಯ ಕಷ್ಟ, ಮನಸ್ಸು ಕೆಟ್ಟ ಕಥೆ, ನೀನೂ ಅರ್ಥ ಮಾಡಿಕೊಳ್ಳಬಹುದಿತ್ತು. ಹನ್ನೊಂದು ತಿಂಗಳು ರಾತ್ರಿ ನಿದ್ದೆಗೆಟ್ಟವಳಿಗೆ ಇದು ಇನ್ನೊಂದು ಜಗಳ, ಅಷ್ಟೆ. ನೋಡು ನಾನೆಷ್ಟು ಒಳ್ಳೆಯವನು ಎಂದು ಅವಳ ಮುಖಕ್ಕೆ ಹಿಡಿದ ಹಾಗೆ.

ಮೇಲ್ ತೆರೆದು ಒಂದೊಂದೇ ಅಳಿಸತೊಡಗಿದ. ಪ್ರತಿ ಸಲವೂ ಕಂಪ್ಯೂಟರು ನಿಜವಾಗಿಯೂ ಅಳಿಸಲೇ ಎಂದು ಕೇಳುತ್ತಿತ್ತು, ಇವನು ಹೌದು ಅನ್ನುತ್ತಿದ್ದ. ಒಟ್ಟಿಗೆ ಅಳಿಸುವ ಉಪಾಯ ಅವನಿಗೆ ತಿಳಿಯದು. ಹಾಗಾಗಿ ನೂರ ತೊಂಬತ್ತು ಸಲ ಹೌದು ಅಂದ. ಮೇಡಂ ಬರುವ ಹೊತ್ತಿಗೆ ಮೊದಲನೆಯದೊಂದೇ ಉಳಿದಿತ್ತು.

"ಇದೊಂದನ್ನ ಕಳಿಸ್ಬೇಕು," ಅಂದ. "ಆದ್ರೆ ಹೋದ ವಾರ ಅಂತ ಬರ್ದಿದ್ದೀನಿ, ಅದು ಈಗ ಆಗಲ್ಲ. ಹೊಸದಾಗಿ ಬರೀಬೇಕು."

ಅವಳು ಒಂದೇ ಪತ್ರ ಉಳಿದ ಪಟ್ಟಿ ನೋಡಿದಳು, ಅವನ ಕೆಂಪು ಕಣ್ಣು ನೋಡಿದಳು.

"ಬರೀರಿ ಸರ್. ಹೊಸ ಯಂತ್ರ ಜೋಡ್ಸೋಕೆ ಇನ್ನೂ ಒಂದು ಗಂಟೆ ಬೇಕು, ಬೇಕಿದ್ರೆ ಆಮೇಲೆ ಅದ್ರಲ್ಲೇ..."

"ಇಲ್ಲ, ಇದ್ರಲ್ಲೇ. ಹೊರ ಲೈನ್ ಹಾಕ್ಕೊಂಡೇ ಬರೀತೀನಿ." ಅಂದವನು ತಡವರಿಸಿ ಕಿಟಕಿಯ ಕಡೆ ನೋಡಿದ. "ಎರಡು ನಿಮಿಷಕ್ಕೆ ಮುಗಿಯಲ್ಲ. ಟ್ಯಾಂಕು..."

"ಟ್ಯಾಂಕ್ ನಾನು ನೋಡ್ಕೋತೀನಿ. ಆ ಕೆಂಪು ಮುಳ್ಳು ತಾನೇ? ನೀವು ಅದ್ರ ಚಿಂತೆ ಬಿಡಿ." ಅವಳು ಚೀಲ ಕೆಳಗಿಟ್ಟು, ಕಿಟಕಿಯ ಬಳಿ ಹೋಗಿ, ಅವನಿಗೆ ಬೆನ್ನು ಮಾಡಿ ನಿಂತಳು.

ಹಳೆಯ ಪತ್ರವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಅದನ್ನೂ ಅಳಿಸಿದ. ಮೇಲ್ ಮುಚ್ಚಿದ. ತಂತಿ ಬದಲಿಸಿದ, ಅಂಕಿ ಒತ್ತಿದ, ಲೈನು ಬಂದ ಮೇಲೆ ಮೇಲ್ ತೆರೆದ. ಮೊದಲು ಲೈನು, ಆಮೇಲೆ ಮೇಲು. ಹೋದ ವಾರ ಎಂಬಲ್ಲಿ ಅವತ್ತು ಎಂದು ಮಾಡಿದ. ಬೇರೆ ಏನನ್ನೂ ಸೇರಿಸಲಿಲ್ಲ. ಅಷ್ಟು ಚಿಕ್ಕ ಪತ್ರಕ್ಕೆ ಅವನು ತೆಗೆದುಕೊಂಡದ್ದು ಹದಿನಾಲ್ಕು ನಿಮಿಷ. ಅಷ್ಟು ಹೊತ್ತು ಹೊರ ಲೈನಿನಲ್ಲಿ ಅವನು ಯಾವತ್ತೂ ಇದ್ದವನಲ್ಲ. ನಡುನಡುವೆ ಕಿಟಕಿಯಿಂದ ಮೇಡಂ, "ಮುಳ್ಳು ಅಲ್ಲೇ ಇದೆ ಸರ್," ಎಂದು ಹೇಳುತ್ತಿದ್ದಳು.

ಕಳಿಸಿದ. ಬಗ್ಗಿ ನೋಡಿದ. ಹಸಿರು ದೀಪ ಎಂದಿನ ಹಾಗೇ ಮಿಣುಕುತ್ತಿತ್ತು.

"ಹೋಯ್ತು ಸರ್," ಎಂದು ಅವಳು ಬಂದು ಪಟ್ಟಿ ತೋರಿಸಿದಳು. "ಹೋದವುಗಳ ಜಾಗದಲ್ಲಿದೆ ನೋಡಿ. ಒಂದು."

ಭಾನುವಾರ ಬೀಗದ ಅಂಗಡಿಯ ಸದ್ದು ಕೇಳುತ್ತ ಕಳೆದ. ಸೋಮವಾರ ಏನೂ ಇರಲಿಲ್ಲ, ಮಂಗಳವಾರವೂ ಇರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಟ್ಯಾಂಕಿನ ಅಂಕಿಗಳು ಒಂದು ಕಡೆ, ಮೇಲ್ ಇನ್ನೊಂದು ಕಡೆ, ಎರಡೂ ಒಟ್ಟಿಗೇ ತೆರೆದಿರುತ್ತಿದ್ದವು. ನೋಡದೆ ಇರಲು ಈಗ ನೆಪವೇ ಇಲ್ಲದಂತಾಗಿತ್ತು. ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಸ್ವಾಗತ ಪತ್ರದ ಮೇಲೆ ಇನ್ನೊಂದು ಸಾಲು ಬಂದು ಕೂತಿತು. ತೆರೆದ. ತಂಗಿಯದು ಒಂದೇ ಸಾಲು.

"ಇಷ್ಟು ಬರೆಯೋಕೆ ನಾಲ್ಕು ವರ್ಷ ಬೇಕಾಯ್ತಾ ಅಣ್ಣ ನಿನಗೆ?"

ಅಣ್ಣ ಎಂದಿದ್ದಳು. ಅವನು ಆ ಸಾಲನ್ನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಆಮೇಲೆ ಗಡಿಬಿಡಿಯಲ್ಲಿ ಬರೆಯತೊಡಗಿದ. ಇಲ್ಲ ಕಣೇ, ನಾನು ಬರೆದಿದ್ದೆ, ಪ್ರತಿ ಶನಿವಾರ ಬರೆದಿದ್ದೆ, ಇಲ್ಲಿ ಎರಡು ಲೈನು ಇತ್ತು, ಕಿಂಡಿ ಒಂದೇ, ಮೇಲ್ ತೆರೆದಾಗ ಯಾವ ಲೈನಿತ್ತೋ... ಬೇಕಾದರೆ ರಿಪೇರಿ ಮೇಡಮ್ಮನ್ನು ಕೇಳು ಎಂದು ಬರೆದವನು ಅಲ್ಲಿಗೆ ನಿಲ್ಲಿಸಿದ. ಮೇಲಿಂದ ಓದಿದ. ವಕೀಲ ಮತ್ತೆ ಬಂದು ಕೂತಿದ್ದ.

ಎಲ್ಲ ಅಳಿಸಿದ. ಪಂಪ್ ಕೋಣೆಯಿಂದ ಯಾರೋ, "ಸಾಹೇಬ್ರೆ, ಒಳಗಿದ್ದೀರೋ ಹೊರಗಿದ್ದೀರೋ?" ಎಂದು ಹಳೆಯ ಅಭ್ಯಾಸಕ್ಕೆ ಕೂಗಿದರು.

"ಹೌದು ತಂಗಿ, ನಾಲ್ಕು ವರ್ಷ ಬೇಕಾಯ್ತು. ನೀನು ಹೇಗಿದ್ದೀಯ?" ಎಂದು ಬರೆದು ಕಳಿಸಿದ. ಮತ್ತೆ ಎಡಗಡೆಯ ಪಟ್ಟಿಯನ್ನು ಬಿಚ್ಚಿ, ಹೋಗದೆ ಉಳಿದ ಪತ್ರಗಳ ಜಾಗದಲ್ಲಿ ಏನೂ ಇಲ್ಲವೆಂದು ಎರಡು ಸಲ ನೋಡಿಕೊಂಡ.